ಅಮ್ಮನ ಮೂರು ವರ್ಷದ ಕೋಣೆ

ನನ್ನ ಅಮ್ಮ ನಲವತ್ತೆಂಟನೆಯ ವಯಸ್ಸಿನಲ್ಲಿ ಕಾನೂನು ಕಾಲೇಜು ಸೇರಿದಳು. ಅದಕ್ಕೆ ಮೊದಲು ಇಪ್ಪತ್ತಾರು ವರ್ಷ ನಮ್ಮೂರಿನ ಒಬ್ಬ ವಕೀಲರ ಕಚೇರಿಯಲ್ಲಿ ಟೈಪಿಸ್ಟ್ ಆಗಿದ್ದಳು. ಮನೆ ಬಾಡಿಗೆಯ ಕರಾರು, ಅಂಗಡಿ ಬಾಡಿಗೆಯ ಕರಾರು, ಗೋದಾಮಿನ ಕರಾರು, ಎಲ್ಲ ಅವಳ ಬೆರಳುಗಳಿಗೆ ಬಾಯಿಪಾಠ. ಊರಿನಲ್ಲಿ ಯಾರು ಯಾರ ಮನೆಯಲ್ಲಿ ಎಷ್ಟು ವರ್ಷಕ್ಕೆ ಇದ್ದಾರೆ ಎಂದು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದಳು.

ವಕೀಲರು ಹೇಳಿದ್ದನ್ನು ಹೇಳಿದ ಹಾಗೆ ಟೈಪ್ ಮಾಡಿದ್ದು ಮೊದಲ ಐದಾರು ವರ್ಷ ಮಾತ್ರ. ಆಮೇಲೆ, "ಸಾರ್, ಮಾಡು ಸೋರಿದ್ರೆ ರಿಪೇರಿ ಯಾರು ಮಾಡಿಸ್ಬೇಕು ಅಂತ ಬರ್ದೇ ಇಲ್ವಲ್ಲ," "ಸಾರ್, ಮೂರನೇ ಪುಟದಲ್ಲಿ ಕೊಟ್ಟಿದ್ದನ್ನ ಐದನೇ ಪುಟದಲ್ಲಿ ಕಿತ್ಕೊಂಡಿದ್ದೀರಿ," ಎಂದು ಶುರುವಾಯಿತು. ಒಂದು ದಿನ ಅವರು ಕಾಗದ ಕೆಳಗಿಟ್ಟು, "ನೋಡಮ್ಮ, ನನ್ನ ಟೈಪಿಸ್ಟ್ ಕೈಲಿ ದಿನಾ ಸಿಕ್ಕಿಬಿದ್ದು ಸಾಕಾಗಿದೆ. ನೀನೇ ಹೋಗಿ ಓದ್ಕೊಂಡು ಬಾ," ಎಂದರಂತೆ. ಅವರು ತಮಾಷೆಗೆ ಹೇಳಿದರೋ ನಿಜಕ್ಕೆ ಹೇಳಿದರೋ ಇವತ್ತಿಗೂ ಗೊತ್ತಿಲ್ಲ. ಅಮ್ಮನಂತೂ ನಿಜಕ್ಕೇ ತೆಗೆದುಕೊಂಡು ಅರ್ಜಿ ಹಾಕಿದಳು. ಪ್ರವೇಶ ಪರೀಕ್ಷೆ ಬರೆದು ಬಂದ ಮೇಲೇ ನಮಗೆ ಹೇಳಿದ್ದು. ಮೂರು ವರ್ಷದ ಓದು. ಕಾಲೇಜು ಇದ್ದದ್ದು ರೈಲಿನಲ್ಲಿ ನಾಲ್ಕು ಗಂಟೆ ದೂರದ ಪೇಟೆಯಲ್ಲಿ. ದಿನಾ ಹೋಗಿ ಬರುವ ಮಾತೇ ಇರಲಿಲ್ಲ. ಅಲ್ಲೇ ಒಂದು ಕೋಣೆ ಹಿಡಿಯಬೇಕಿತ್ತು.

ಅಪ್ಪನದು ಬೀಗ ರಿಪೇರಿಯ ಅಂಗಡಿ. ನಮ್ಮ ಮನೆಯ ಮುಂಭಾಗವೇ ಅಂಗಡಿ. ಅಮ್ಮ ಸುದ್ದಿ ಹೇಳಿದಾಗ ಅವನು ಯಾರದೋ ಕೀಲಿಕೈ ಉಜ್ಜುತ್ತಾ ಕೂತಿದ್ದ. ತಲೆ ಎತ್ತದೆ, "ಹೋಗು. ಯಾರು ಬೇಡ ಅಂದ್ರು?" ಎಂದ. ಅವನು ಬೇಡ ಎನ್ನಲಿಲ್ಲ, ಹೂಂ ಎಂದೂ ಅನ್ನಲಿಲ್ಲ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಇಟ್ಟು ಮತ್ತೆ ಉಜ್ಜತೊಡಗಿದ. ಆದರೆ ಆ ದಿನ ಒಂದಾದ ಮೇಲೊಂದು ಮೂರು ಕೀಲಿಕೈ ಕೆಡಿಸಿದ. ಮೂವತ್ತು ವರ್ಷದಲ್ಲಿ ಅಪ್ಪ ಒಂದೇ ದಿನ ಮೂರು ಕೀಲಿಕೈ ಕೆಡಿಸಿದ್ದನ್ನು ಯಾರೂ ಕಂಡಿರಲಿಲ್ಲ.

ಕೋಣೆ ಹುಡುಕಲು ನಾವು ಮೂವರೂ ಹೊರಟೆವು. ನಾನು ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ಒಂದು ದಿನದ ರಜೆ ಹಾಕಿದೆ. ಮೊದಲು ನೋಡಿದ್ದು ವಿದ್ಯಾರ್ಥಿನಿಯರ ಹಾಸ್ಟೆಲು. ಅಲ್ಲಿನ ಮೇಲ್ವಿಚಾರಕಿ ನನ್ನನ್ನು ನೋಡಿ, "ಯಾವ ವರ್ಷಮ್ಮ?" ಎಂದು ಕೇಳಿದಳು.

"ನಾನಲ್ಲ, ಇವರು," ಎಂದು ಅಮ್ಮನನ್ನು ತೋರಿಸಿದೆ.

ಆಕೆ ಅಮ್ಮನನ್ನು ಮೇಲಿಂದ ಕೆಳಗೆ ನೋಡಿ, "ಇಲ್ಲಿ ಹುಡುಗೀರು ರಾತ್ರಿಯೆಲ್ಲಾ ಹಾಡು ಹಾಕ್ತಾರೆ," ಎಂದಳು. ಅಮ್ಮ ಥ್ಯಾಂಕ್ಸ್ ಹೇಳಿ ಹೊರಬಂದಳು.

ಎರಡನೆಯದು ಒಳ್ಳೆಯ ಕೋಣೆ. ಆದರೆ ಒಂಬತ್ತು ತಿಂಗಳಿಗೆ ಮಾತ್ರ ಕೊಡುತ್ತಿದ್ದರು. ರಜೆಯ ಮೂರು ತಿಂಗಳು ಪ್ರವಾಸಿಗರಿಗೆ ಕೊಡುತ್ತಾರಂತೆ. "ಕಾಲೇಜಿನೋರು ಎಲ್ಲಾ ಹೀಗೇ ಮಾಡೋದು. ಒಂಬತ್ತು ತಿಂಗಳು ಇದ್ದು ಗಂಟುಮೂಟೆ ಕಟ್ಕೊಂಡು ಹೋಗ್ತಾರೆ, ಮತ್ತೆ ಬರ್ತಾರೆ," ಎಂದರು ಮನೆಯವರು. ಅಪ್ಪನ ಮುಖ ಅರಳಿತು. ಅಮ್ಮ ಮಾತ್ರ, "ಪ್ರತಿ ವರ್ಷ ಪುಸ್ತಕ ಹೊತ್ಕೊಂಡು ಹೋಗಿ ಹೊತ್ಕೊಂಡು ಬರೋಕೆ ನಾನೇನು ಕತ್ತೇನಾ?" ಎಂದು ಮೆಟ್ಟಿಲಿಳಿದಳು.

ಮೂರನೆಯದು ಒಂದು ಇಸ್ತ್ರಿ ಅಂಗಡಿಯ ಎದುರಿನ ಮನೆಯ ಮಹಡಿ ಕೋಣೆ. ಮನೆಯೊಡತಿ ನಿವೃತ್ತ ನರ್ಸು. ಬೀದಿಯವರೆಲ್ಲ ನರ್ಸಮ್ಮ ಎನ್ನುತ್ತಿದ್ದರು. ಆ ಬೀದಿಯ ಅರ್ಧಕ್ಕರ್ಧ ಜನ ಹುಟ್ಟಿದ್ದು ಅವರ ಕೈಯಲ್ಲಂತೆ. ಎಪ್ಪತ್ತು ದಾಟಿದ್ದರೂ ನೆಟ್ಟಗೆ ನಡೆಯುತ್ತಿದ್ದರು. ಮಾತು ಸೂಜಿ ಚುಚ್ಚಿದ ಹಾಗೆ, ಚುರುಕ್ಕೆಂದು ಮುಗಿದುಹೋಗುತ್ತಿತ್ತು. ಕೋಣೆಗೆ ಹೊರಗಿನಿಂದಲೇ ಮೆಟ್ಟಿಲು. ಕಿಟಕಿಯ ಕೆಳಗೆ ಉದ್ದನೆಯ ಮೇಜು, ಮೂಲೆಯಲ್ಲಿ ಒಂದು ಒಲೆ, ಗೋಡೆಗೆ ಹೊಸ ಸುಣ್ಣ. ಅಮ್ಮ ಮೇಜಿನ ಮುಂದೆ ಕೂತು ಎರಡು ಮೊಣಕೈ ಊರಿ ನೋಡಿದಳು. ನನಗೆ ಆಗಲೇ ಗೊತ್ತಾಯಿತು, ಇದೇ ಎಂದು.

"ಮೂರು ವರ್ಷಕ್ಕಾದ್ರೆ ಕೊಡ್ತೀನಿ, ಇಲ್ಲಾಂದ್ರೆ ಇಲ್ಲ," ಎಂದರು ನರ್ಸಮ್ಮ. "ಮೂರು ವರ್ಷವೂ ಅದೇ ಬಾಡಿಗೆ, ಏರಿಸಲ್ಲ. ಆದ್ರೆ ವರ್ಷಕ್ಕೊಬ್ರು ಬಂದು ಹೋಗೋದು ಬೇಡ. ಚಹಾಕ್ಕೆ ಎಷ್ಟು ಸಕ್ಕರೆ ಅಂತ ನನಗೆ ಗೊತ್ತಾಗೋ ಹೊತ್ತಿಗೆ ಅವರು ಟಾಟಾ ಮಾಡಿ ಹೊರಟಿರ್ತಾರೆ."

"ಒಂದು ವರ್ಷಕ್ಕೆ ಮಾಡಿ," ಎಂದ ಅಪ್ಪ. "ಆಮೇಲೆ ನೋಡೋಣ."

"ನೋಡೋದೇನಿದೆ? ಓದು ಮೂರು ವರ್ಷದ್ದಲ್ವಾ?"

ಅಪ್ಪ ಬಾಗಿಲಿನ ಬೀಗ ತಿರುಗಿಸಿ ನೋಡತೊಡಗಿದ. ನರ್ಸಮ್ಮ ಕೆಳಗೆ ಹೋಗಿ ತಮ್ಮ ಹಳೆಯ ಕರಾರಿನ ನಮೂನೆ ತಂದುಕೊಟ್ಟರು. "ಓದಿ ಹೇಳಿ. ನಾನು ಆಲೂಗೆಡ್ಡೆ ಬೇಯೋಕೆ ಇಟ್ಟಿದ್ದೀನಿ."

ಅಮ್ಮ ಆ ಎರಡು ಪುಟ ಓದಿದ ರೀತಿ ನಾನು ಮರೆಯಲಾರೆ. ಬೇರೆಯವರ ಕರಾರುಗಳನ್ನು ಸಾವಿರಗಟ್ಟಲೆ ಟೈಪ್ ಮಾಡಿದವಳು, ತನ್ನ ಹೆಸರು ಬರುವ ಕರಾರನ್ನು ಜೀವನದಲ್ಲಿ ಮೊದಲ ಸಲ ಓದುತ್ತಿದ್ದಳು. ನಮ್ಮ ಮನೆ ಅಪ್ಪನ ಅಪ್ಪ ಕಟ್ಟಿಸಿದ್ದು; ಅಲ್ಲಿಗೆ ಬರಲು ಅವಳು ಮದುವೆಯಾಗಬೇಕಾಗಿತ್ತೇ ಹೊರತು ಯಾವ ಕಾಗದಕ್ಕೂ ಸಹಿ ಹಾಕಬೇಕಾಗಿರಲಿಲ್ಲ. ಪೆನ್ಸಿಲ್ ಹಿಡಿದು ಒಂದೊಂದು ಸಾಲಿಗೂ ನಿಂತಳು. ಒಂದು ಕಡೆ ಗೆರೆ ಎಳೆದಳು. ಅವಧಿಗೆ ಮೊದಲೇ ಖಾಲಿ ಮಾಡಿದರೆ ಉಳಿದ ಅವಧಿಯ ಬಾಡಿಗೆಯನ್ನು ಪೂರ್ತಿ ಕೊಡಬೇಕು ಎಂದಿತ್ತು.

"ಇದು ಉರುಳು," ಎಂದಳು ನಮ್ಮಿಬ್ಬರಿಗೆ ಮಾತ್ರ ಕೇಳುವಂತೆ.

"ಅದಕ್ಕೇ ಒಂದು ವರ್ಷ ಅಂದಿದ್ದು," ಎಂದ ಅಪ್ಪ.

"ನೀವು ಅದಕ್ಕೇ ಅಂದಿದ್ದಲ್ಲ. ನೀವಿನ್ನೂ ಇದನ್ನ ಓದೇ ಇರಲಿಲ್ಲ."

ಅಪ್ಪ ಮಂಚದ ತುದಿಯಲ್ಲಿ ಕೂತ. ಕೈಯಲ್ಲಿ ಕೆಲಸವಿಲ್ಲದಿದ್ದರೆ ಅವನಿಗೆ ಕೈ ಎಲ್ಲಿಡಬೇಕೆಂದು ತಿಳಿಯುವುದಿಲ್ಲ. "ಹಿಡಿಸದೇ ಇದ್ರೆ?" ಎಂದ.

"ನನಗೆ ಹಿಡಿಸದೇ ಇದ್ರೋ, ನಿಮಗೆ ಹಿಡಿಸದೇ ಇದ್ರೋ?"

ನಾನು ಕಿಟಕಿಯ ಕಡೆ ತಿರುಗಿದೆ. ಗಂಡ ಹೆಂಡಿರ ನಡುವೆ ಮಗಳು ಎಷ್ಟು ದೊಡ್ಡವಳಾದರೂ ಕಿಟಕಿಯೇ ಗತಿ. ಎದುರಿನ ಇಸ್ತ್ರಿ ಅಂಗಡಿಯವನು ಒಂದು ಬಿಳಿ ಅಂಗಿಯ ಕಾಲರನ್ನು ಒತ್ತುತ್ತಿದ್ದ. ಹಿಂದಿನಿಂದ ಅಪ್ಪನ ದನಿ ಕೇಳಿಸಿತು.

"ಒಂದು ವರ್ಷ ಅಂದ್ರೆ ಒಂದು ವರ್ಷ ಅಂದ್ಕೊಂಡು ಇರಬಹುದು. ಆಮೇಲೆ ಇನ್ನೊಂದು ವರ್ಷ ಅಂದ್ಕೋಬಹುದು. ಮೂರು ವರ್ಷ ಅಂತ ಕಾಗದದ ಮೇಲೆ ಬರೆದುಬಿಟ್ರೆ ಅದು ಮೂರು ವರ್ಷ ಆಗ್ಬಿಡತ್ತೆ ಕಣೇ."

ಅಮ್ಮನ ಪೆನ್ಸಿಲ್ಲಿನ ಸದ್ದು ಕೇಳಿಸಿತು. ನಾನು ತಿರುಗಿ ನೋಡಿದಾಗ ನಮೂನೆಯ ಬದಿಯಲ್ಲಿ ಸಣ್ಣ ಅಕ್ಷರದಲ್ಲಿ ನಾಲ್ಕು ಸಾಲು ಬರೆದು ಮುಗಿಸಿದ್ದಳು. ಅದನ್ನು ಹಿಡಿದುಕೊಂಡು ಕೆಳಗಿಳಿದಳು. ನಾವು ಹಿಂದೆ ಹೋದೆವು.

"ಮೂರು ವರ್ಷಕ್ಕೇ ಮಾಡೋಣ ನರ್ಸಮ್ಮ," ಎಂದಳು. "ಆದ್ರೆ ಪ್ರತಿ ವರ್ಷ ಮುಗಿಯೋಕೆ ಎರಡು ತಿಂಗಳು ಮುಂಚೆ, ಬಿಡೋ ಹಾಗಿದ್ರೆ ಬಿಡ್ತೀನಿ ಅಂತ ಕಾಗದ ಕೊಡಬಹುದು. ಕೊಟ್ರೆ ದಂಡ ಇಲ್ಲ. ಕೊಡದೇ ಇದ್ರೆ ಮುಂದಿನ ವರ್ಷ ತಾನಾಗೇ ನಡೆಯತ್ತೆ."

"ಅಂದ್ರೆ ನೀನೂ ಓಡಿಹೋಗೋ ಗಿರಾಕಿನೇ."

"ಓಡಿಹೋಗೋ ದಾರಿ ನಿಮಗೂ ಇಟ್ಟಿದ್ದೀನಿ. ನಾನು ಹಿಡಿಸದೇ ಇದ್ರೆ ನೀವೂ ಕಾಗದ ಕೊಟ್ಟು ನನ್ನ ಆಚೆ ಹಾಕ್ಬಹುದು."

ನರ್ಸಮ್ಮ ಆಲೂಗೆಡ್ಡೆಗೆ ಚಾಕು ಚುಚ್ಚಿ ಬೆಂದಿದೆಯೋ ಎಂದು ನೋಡಿದರು. "ಆಚೆ ಹಾಕೋ ಹಕ್ಕನ್ನ ನನಗೆ ಯಾರೂ ಇದುವರೆಗೂ ಬರೆದುಕೊಟ್ಟಿರಲಿಲ್ಲ. ಚೆನ್ನಾಗಿದೆ. ಬರಿ," ಎಂದರು.

ಸಹಿಯಾಯಿತು. ಕರಾರಿನಲ್ಲಿ ಇನ್ನೊಂದು ಕಲಮು, ಅಂದರೆ ಷರತ್ತು, ಇತ್ತು. ಅತಿಥಿಗಳು ತಿಂಗಳಿಗೆ ಮೂರು ರಾತ್ರಿಗಿಂತ ಹೆಚ್ಚು ಉಳಿಯಬಾರದು ಎಂದು. ಅಮ್ಮ ಅದನ್ನು ತೋರಿಸಿದಾಗ ಅಪ್ಪ, "ಇರ್ಲಿ ಬಿಡು, ಯಾರು ಬರ್ತಾರೆ?" ಎಂದಿದ್ದ.

ಬಂದವನು ಅವನೇ. ಅಮ್ಮ ಹೋದ ಮೊದಲ ಶನಿವಾರ, ಆ ಬಾಗಿಲಿನ ಬೀಗ ಸ್ವಲ್ಪ ಬಿಗಿಯಿತ್ತು, ಎಣ್ಣೆ ಬಿಟ್ಟು ಬರುತ್ತೇನೆ ಎಂದು ರೈಲು ಹತ್ತಿದ. ಎರಡನೆಯ ಶನಿವಾರ ಕಿಟಕಿಯ ಅಗುಳಿ. ಮೂರನೆಯ ಶನಿವಾರ ನರ್ಸಮ್ಮನ ಕಬ್ಬಿಣದ ಕಪಾಟು, ಹನ್ನೊಂದು ವರ್ಷದಿಂದ ತೆರೆಯದೇ ಇದ್ದದ್ದು. ಅದನ್ನು ತೆರೆದಾಗ ಒಳಗೆ ಅವರ ತೀರಿಹೋದ ಯಜಮಾನರ ಕೋಟು, ಒಂದು ಡಬ್ಬಿ ಗುಂಡಿ, ಎರಡು ಕಟ್ಟು ಇಸ್ಪೀಟು ಸಿಕ್ಕವಂತೆ. ಅಂದಿನಿಂದ ಶನಿವಾರ ಸಂಜೆ ಅಪ್ಪ ಮತ್ತು ನರ್ಸಮ್ಮ ಅಡುಗೆಮನೆಯಲ್ಲಿ ಇಸ್ಪೀಟು ಆಡುವುದು, ಅಮ್ಮ ಮಹಡಿಯಲ್ಲಿ ಓದುವುದು. ನಾಲ್ಕು ತಿಂಗಳಾಗುವಷ್ಟರಲ್ಲಿ ಆ ಬೀದಿಯಲ್ಲಿ ಅಪ್ಪ ಕೈಯಾಡಿಸದ ಬೀಗ ಒಂದೂ ಉಳಿದಿರಲಿಲ್ಲ.

ಐದನೆಯ ತಿಂಗಳಲ್ಲಿ ಇಸ್ಪೀಟಿನಲ್ಲಿ ಸತತ ಆರು ಆಟ ಸೋತ ನರ್ಸಮ್ಮ, ಗೋಡೆಯ ಕ್ಯಾಲೆಂಡರ್ ನೋಡಿ, "ಈ ತಿಂಗಳು ನೀವು ಏಳು ರಾತ್ರಿ ಉಳಿದಿದ್ದೀರಿ. ಕರಾರಲ್ಲಿ ಮೂರು ಅಂತಿದೆ," ಎಂದರು. ಸುಮ್ಮನೆ ಚುಚ್ಚಲು ಹೇಳಿದ ಮಾತು. ಆದರೆ ಮಹಡಿಯಿಂದ ನೀರಿಗೆ ಇಳಿದು ಬಂದಿದ್ದ ಅಮ್ಮ ಅದನ್ನು ಕೇಳಿಸಿಕೊಂಡುಬಿಟ್ಟಳು.

"ಹೌದು. ತಪ್ಪು ನಮ್ಮದೇ," ಎಂದಳು. "ಇನ್ನು ಮೇಲೆ ಮೂರೇ ರಾತ್ರಿ."

"ಅಯ್ಯೋ, ಆ ಕಲಮು ಹುಡುಗೀರ ಸ್ನೇಹಿತರಿಗೆ ಅಂತ ಹಾಕಿದ್ದು ಕಣೇ. ಗಂಡಂದಿರು ಬರ್ತಾರೆ ಅಂತ ನನಗೇನು ಗೊತ್ತು?"

"ಹಾಗಂತ ಬರೆದಿಲ್ಲ. ಅತಿಥಿ ಅಂತ ಬರೆದಿದೆ. ನಾನು ಸಹಿ ಹಾಕಿದ್ದೀನಿ."

ಸರಿ, ಮುಂದಿನ ತಿಂಗಳಿಂದ ಅಪ್ಪ ಮೂರು ರಾತ್ರಿ ಮುಗಿದ ಮೇಲೆ ಸಂಜೆಯ ರೈಲಿಗೆ ವಾಪಸು. ಬ್ರೆಡ್ಡಿನ ಪೊಟ್ಟಣ ಹಿಡಿದುಕೊಂಡು ಮುಖ ಊದಿಸಿಕೊಂಡು ಮನೆಗೆ ಬರುತ್ತಿದ್ದ. "ನಿಮ್ಮಮ್ಮ ಕಾನೂನು ಓದೋಕೆ ಹೋಗಿದ್ದಾಳಾ, ನನ್ನ ಮೇಲೆ ಪ್ರಯೋಗ ಮಾಡೋಕೆ ಹೋಗಿದ್ದಾಳಾ?" ಎಂದು ನನ್ನನ್ನು ಕೇಳುತ್ತಿದ್ದ. ಎರಡು ತಿಂಗಳು ಹೀಗೆ ನಡೆಯಿತು. ಕೊನೆಗೆ ತಡೆಯಲಾರದವರು ನರ್ಸಮ್ಮ. ಒಂದು ಬೆಳಿಗ್ಗೆ ತಾವೇ ಮೆಟ್ಟಿಲು ಹತ್ತಿ ಹೋಗಿ, "ನನಗೆ ಆಡೋಕೆ ಜನ ಇಲ್ಲ. ಆ ಕಲಮನ್ನ ಹೇಗೆ ತಿದ್ದೋದು ಅಂತ ನೋಡು," ಎಂದರು. ಅಮ್ಮ ಕಾಲೇಜಿನ ಕಂಪ್ಯೂಟರಿನಲ್ಲಿ ಒಂದು ಪುಟದ ತಿದ್ದುಪಡಿ ತಯಾರಿಸಿದಳು. 'ಅತಿಥಿ ಎಂಬ ಪದದಲ್ಲಿ ಬಾಡಿಗೆದಾರಳ ಗಂಡ ಸೇರುವುದಿಲ್ಲ.' ಇಬ್ಬರೂ ಸಹಿ ಹಾಕಿದರು. ಅಪ್ಪ ಸಾಕ್ಷಿ.

ಇಷ್ಟೆಲ್ಲ ಚೆನ್ನಾಗಿ ನಡೆಯುತ್ತಿದ್ದಾಗ ಮೊದಲ ಪರೀಕ್ಷೆಯ ಫಲಿತಾಂಶ ಬಂತು. ಅಮ್ಮ ಒಂದು ವಿಷಯದಲ್ಲಿ ಫೇಲಾಗಿದ್ದಳು. ಅದೂ ಯಾವುದು? ಕರಾರಿನ ಕಾನೂನು.

ಫೋನಿನಲ್ಲಿ ಅವಳ ದನಿ ಸಪ್ಪೆಯಾಗಿತ್ತು. ಆದದ್ದೇನೆಂದರೆ, ಅವಳು ಉತ್ತರಗಳನ್ನು ಕಚೇರಿಯಲ್ಲಿ ಟಿಪ್ಪಣಿ ಬರೆದ ಹಾಗೆ ಎರಡೆರಡು ಸಾಲಿನಲ್ಲಿ ಬರೆದಿದ್ದಳು. ಸರಿಯಾಗಿಯೇ ಬರೆದಿದ್ದಳು. ಆದರೆ ಯಾಕೆ ಸರಿ ಎಂದು ಬರೆದಿರಲಿಲ್ಲ. "ಪಕ್ಕದಲ್ಲಿ ಕೂರೋ ಹುಡುಗಿ ನಿನಗಿಂತ ಐದು ವರ್ಷ ಚಿಕ್ಕೋಳು," ಎಂದಳು. "ಅವಳು ನನ್ನ ಹೆಗಲ ಮೇಲೆ ಕೈಹಾಕಿ, ಪರವಾಗಿಲ್ಲ ಆಂಟಿ, ಅಂದಳು. ಅಷ್ಟು ಸಾಕಾಯ್ತು ನನಗೆ. ಈ ಶುಕ್ರವಾರದೊಳಗೆ ಕಾಗದ ಕೊಟ್ರೆ ವರ್ಷದ ಕೊನೆಗೆ ಕೋಣೆ ಬಿಡಬಹುದು. ಬರೆದಿಟ್ಟಿದ್ದೀನಿ. ಅಪ್ಪಂಗೆ ಹೇಳು, ಖುಷಿ ಆಗತ್ತೆ."

ನಾನು ಅಂಗಡಿಗೆ ಹೋಗಿ ಅಪ್ಪನಿಗೆ ಹೇಳಿದೆ. ಅವನು ಕೀಲಿಕೈ ಉಜ್ಜುವ ಅರವನ್ನು ಕೆಳಗಿಟ್ಟ. ಖುಷಿಯಾದ ಹಾಗೆ ಕಾಣಲಿಲ್ಲ. ಬುಧವಾರ, ಗಿರಾಕಿಗಳ ದಿನ, ಅಂಗಡಿ ಮುಚ್ಚಿ, "ಬಾ, ಹೋಗೋಣ," ಎಂದ. ನಾನು ಮಾಲೀಕರಿಗೆ ಹೊಟ್ಟೆನೋವೆಂದು ಸುಳ್ಳು ಹೇಳಿ ಹೊರಟೆ. ರೈಲಿನ ಕಿಟಕಿಯ ಚಿಲಕ ಸಡಿಲವಾಗಿತ್ತು, ಅಪ್ಪ ಅದನ್ನು ಮುಟ್ಟಲೂ ಇಲ್ಲ.

ಮಧ್ಯಾಹ್ನ ಎಲ್ಲರೂ ನರ್ಸಮ್ಮನ ಅಡುಗೆಮನೆಯಲ್ಲಿ ಕೂತೆವು. ಅಮ್ಮ ಬಡವಾಗಿದ್ದಳು. ಲಕೋಟೆಯಿಂದ ಕಾಗದ ತೆಗೆದು ಅಪ್ಪನ ಮುಂದಿಟ್ಟಳು. ಅಪ್ಪ ಅದನ್ನು ತೋಳಿನಷ್ಟು ದೂರ ಹಿಡಿದು ಓದಿದ. ಮಗಳು ಕನ್ನಡಕ ಮಾರುವವಳಾದರೂ ಅಪ್ಪ ಕನ್ನಡಕ ಹಾಕಿಕೊಳ್ಳುವುದಿಲ್ಲ. ದೀಪದ ಬುಡ ಕತ್ತಲು. ಓದಿ ಮುಗಿಸಲು ಬಹಳ ಹೊತ್ತು ಹಿಡಿಯಿತು.

"ಚೆನ್ನಾಗಿ ಬರೆದಿದ್ದೀಯ," ಎಂದ. "ಇದನ್ನ ಪರೀಕ್ಷೇಲಿ ಬರೆದಿದ್ರೆ ಪಾಸಾಗ್ತಿದ್ದೆ."

ನರ್ಸಮ್ಮ ಬಾಯಿಗೆ ಸೆರಗು ಅಡ್ಡ ಹಿಡಿದರು. ಅಮ್ಮ ನಗಲಿಲ್ಲ.

"ನಿಮಗೆ ಬೇಕಾಗಿದ್ದೂ ಇದೇ ಅಲ್ವಾ?"

"ಆಗ ಬೇಕಾಗಿತ್ತು," ಎಂದ ಅಪ್ಪ. "ಸುಳ್ಳು ಯಾಕೆ ಹೇಳ್ಲಿ. ಮೊದಲ ತಿಂಗಳು ನೀನು ಯಾವಾಗ ಸೋತು ಬರ್ತೀಯೋ ಅಂತ ಕಾಯ್ತಿದ್ದೆ. ರಾತ್ರಿ ಊಟಕ್ಕೆ ನನ್ನ ತಟ್ಟೆ ಪಕ್ಕ ನಿನ್ನದೂ ಇಟ್ಟುಬಿಡ್ತಿದ್ದೆ. ಇವಳು ತಡವಾಗಿ ಬಂದು ಅದನ್ನ ತನಗೇ ಇಟ್ಟಿದ್ದು ಅಂದ್ಕೊಂಡು ಕೂತು ತಿನ್ನೋಳು."

ಅದು ನನಗಾಗಿ ಇಟ್ಟ ತಟ್ಟೆಯಲ್ಲ ಎಂದು ನನಗೆ ಗೊತ್ತಾಗಿದ್ದು ಆ ಹೊತ್ತಿಗೇ.

"ಈಗ?" ಎಂದಳು ಅಮ್ಮ.

"ಈಗ ಊರಲ್ಲಿ ಕೀಲಿ ಮಾಡಿಸೋಕೆ ಬಂದೋರಿಗೆಲ್ಲಾ ನನ್ನ ಹೆಂಡ್ತಿ ಲಾಯರ್ ಓದ್ತಿದ್ದಾಳೆ ಅಂತ ಹೇಳಿಟ್ಟಿದ್ದೀನಿ. ಬೇಕರಿಯವನು ಅವನ ಅಣ್ಣನ ಮೇಲೆ ಹಾಕ್ಬೇಕಾದ ಕೇಸನ್ನ ನಿನಗೋಸ್ಕರ ಇನ್ನೂ ಎರಡು ವರ್ಷ ತಡೀತೀನಿ ಅಂದಿದ್ದಾನೆ. ಅವನಿಗೆ ನಾನೇನು ಹೇಳ್ಲಿ?"

ಅಮ್ಮ ಮುಖ ತಿರುಗಿಸಿದಳು. ಕಣ್ಣು ಒರೆಸಿಕೊಂಡಳೋ ಕೂದಲು ಸರಿಮಾಡಿಕೊಂಡಳೋ ತಿಳಿಯಲಿಲ್ಲ. "ಮತ್ತೆ ಫೇಲಾದ್ರೆ?"

"ಮುಂದಿನ ವರ್ಷ ಈ ತಾರೀಖು ಮತ್ತೆ ಬರತ್ತಲ್ಲ. ನೀನೇ ಬರೆದಿದ್ದು. ಆಗ ಬೇಕಾದ್ರೆ ಕೊಡು. ನನಗೋಸ್ಕರ ಅಂತ ಮಾತ್ರ ಕೊಡಬೇಡ. ನಾಚಿಕೆ ಆಯ್ತು ಅಂತ ಕೊಡಬೇಡ. ನಿನಗೆ ಸಾಕಾಗಿದ್ರೆ ಕೊಡು, ಇವತ್ತೇ ಗಂಟು ಕಟ್ತೀನಿ."

ನರ್ಸಮ್ಮ ತಟ್ಟೆಗಳನ್ನು ಹಿಡಿದು ಎದ್ದು ಬಂದರು. "ಕೊಡೋದಿದ್ರೆ ಕೊಡಮ್ಮ, ಇಲ್ಲದಿದ್ರೆ ಮೇಜು ಖಾಲಿ ಮಾಡು. ನಾನು ತಟ್ಟೆ ಹಾಕ್ಬೇಕು."

ಅಮ್ಮ ಕಾಗದವನ್ನು ಒಮ್ಮೆ ನೋಡಿದಳು. ಅದನ್ನು ಹರಿಯಲಿಲ್ಲ, ಕಾಗದ ಹಾಳು ಮಾಡುವ ಜಾಯಮಾನ ಅವಳದಲ್ಲ. ಮಗುಚಿ ಹಾಕಿ, ಹಿಂಬದಿಯಲ್ಲಿ ಪೆನ್ಸಿಲ್ಲಿನಿಂದ ಒಂದು, ಎರಡು, ಮೂರು ಎಂದು ಬರೆದು, ಪರೀಕ್ಷೆಯಲ್ಲಿ ಬಂದ ಪ್ರಶ್ನೆಗಳನ್ನು ನೆನಪಿನಿಂದ ಇಳಿಸತೊಡಗಿದಳು. "ಒಂದೊಂದಕ್ಕೂ ಯಾಕೆ ಅಂತ ಬರೀಬೇಕಂತೆ," ಎಂದಳು. "ಯಾಕೆ ಅಂತ ನನ್ನನ್ನ ಇಪ್ಪತ್ತಾರು ವರ್ಷದಲ್ಲಿ ಯಾರೂ ಕೇಳಿರಲಿಲ್ಲ."

"ನಾವು ಕೇಳ್ತೀವಿ ಬಿಡು," ಎಂದರು ನರ್ಸಮ್ಮ.

ಅಲ್ಲಿಂದ ಮುಂದೆ ಶನಿವಾರದ ಇಸ್ಪೀಟು ನಿಂತಿತು. ಅಪ್ಪ ಮತ್ತು ನರ್ಸಮ್ಮ ಅಡುಗೆಮನೆಯಲ್ಲಿ ನ್ಯಾಯಾಧೀಶರ ಹಾಗೆ ಕೂರುವುದು, ಅಮ್ಮ ಎದುರಿಗೆ ನಿಂತು ಒಂದೊಂದು ಪ್ರಶ್ನೆಗೆ ಉತ್ತರ ಹೇಳುವುದು. ಪ್ರತಿ ಸಾಲಿಗೂ ಇಬ್ಬರೂ, "ಯಾಕೆ?" ಎನ್ನುತ್ತಿದ್ದರು. ಅಪ್ಪನಿಗೆ ಕಾನೂನು ಅರ್ಥವಾಗುತ್ತಿರಲಿಲ್ಲ, ಆದರೆ ಉತ್ತರ ಅರ್ಧಕ್ಕೆ ನಿಂತದ್ದು ಅರ್ಥವಾಗುತ್ತಿತ್ತು. ಅಷ್ಟು ಸಾಕಿತ್ತು. ಮರುಪರೀಕ್ಷೆಯಲ್ಲಿ ಅಮ್ಮ ಪಾಸಾದಳು, ಅದೂ ಅಂಕದಲ್ಲಿ ಇಡೀ ತರಗತಿಗೇ ನಾಲ್ಕನೆಯವಳಾಗಿ. ತರಗತಿಯಲ್ಲಿ ಪಕ್ಕ ಕೂರುವ ಆ ಹುಡುಗಿ ಅಮ್ಮನ ನೋಟ್ಸು ಕೇಳಿಕೊಂಡು ಕೋಣೆಗೆ ಬಂದು, ಆಮೇಲೆ ಊಟಕ್ಕೂ ಬರತೊಡಗಿದಳು.

ಎರಡನೆಯ ವರ್ಷ ಆ ತಾರೀಖು ಬಂದದ್ದು ಹೋದದ್ದು ಯಾರಿಗೂ ನೆನಪಾಗಲಿಲ್ಲ. ನರ್ಸಮ್ಮ ಮಾತ್ರ ಒಂದು ವಾರ ತಡವಾಗಿ, "ಅಯ್ಯೋ, ನಿನ್ನ ಆಚೆ ಹಾಕೋದು ಮರೆತೇಬಿಟ್ಟೆ," ಎಂದು ಹಣೆ ಬಡಿದುಕೊಂಡರಂತೆ.

ಮೂರು ವರ್ಷ ಮುಗಿದಾಗ ಅಮ್ಮ ಉಳಿದೆಲ್ಲ ವಿಷಯಗಳಲ್ಲೂ ಒಂದೇ ಸಲಕ್ಕೆ ಪಾಸಾಗಿದ್ದಳು. ಸಾಮಾನು ತರಲು ಅಪ್ಪ ಬೇಕರಿಯವನ ಸಣ್ಣ ಟ್ರಕ್ಕನ್ನು ಕೇಳಿ ಇಸಿದುಕೊಂಡ. ಬೇಕರಿಯವನು ತಾನೇ ಓಡಿಸಿಕೊಂಡು ಬಂದ. ಪುಸ್ತಕಗಳೇ ಹನ್ನೆರಡು ಪೆಟ್ಟಿಗೆ. ನರ್ಸಮ್ಮ ಬಾಗಿಲಲ್ಲಿ ನಿಂತು, ಹುಷಾರು, ಮೆಟ್ಟಿಲು, ಎನ್ನುತ್ತಲೇ ಇದ್ದರು. ಹೊರಡುವಾಗ ಅಮ್ಮ ಅವರನ್ನು ತಬ್ಬಿಕೊಂಡು ಬಿಡಲೇ ಇಲ್ಲ. ನರ್ಸಮ್ಮ ಅವಳ ಬೆನ್ನು ತಟ್ಟುತ್ತಾ, "ಆಯ್ತು, ಆಯ್ತು, ಉಸಿರು ಬಿಡು," ಎಂದರು, ಹೆರಿಗೆ ಕೋಣೆಯಲ್ಲಿ ಹೇಳಿ ಹೇಳಿ ರೂಢಿಯಾದ ದನಿಯಲ್ಲಿ.

ಟ್ರಕ್ಕಿನ ಮುಂದಿನ ಸೀಟಿನಲ್ಲಿ ನಾವು ನಾಲ್ವರೂ ಒತ್ತೊತ್ತಾಗಿ ಕೂತೆವು. ಪೇಟೆ ದಾಟುವ ಮೊದಲೇ ಬೇಕರಿಯವನು ತನ್ನ ಅಣ್ಣನ ಕತೆ ತೆಗೆದ. ಅಣ್ಣ ಇವನ ಜಾಗದೊಳಗೆ ಗೋಡೆ ಎಲ್ಲಿಗೆ ಹಾಕಿದ, ಹೇಗೆ ಹಾಕಿದ, ಯಾರು ನೋಡಿದರು ಎಂದು ಒಂದೇ ಸಮನೆ ಹೇಳುತ್ತಾ ಹೋದ. ಕೊನೆಗೆ, "ಏನಂತೀರಿ ಮೇಡಂ?" ಎಂದು ಕೇಳಿದ.

ಅಮ್ಮ ಅಪ್ಪನ ಹೆಗಲ ಮೇಲೆ ತಲೆಯಿಟ್ಟು, ಬಾಯಿ ಸ್ವಲ್ಪ ತೆರೆದು ನಿದ್ದೆಹೋಗಿದ್ದಳು. ಅಪ್ಪ ಅಲುಗಾಡದೆ ಕೂತಿದ್ದ.

"ನಾಳೆ ಬನ್ನಿ," ಎಂದ ಬೇಕರಿಯವನಿಗೆ ಪಿಸುದನಿಯಲ್ಲಿ. "ಹತ್ತು ಗಂಟೆ ಮೇಲೆ. ಈಗ ಸ್ವಲ್ಪ ಮೆಲ್ಲಗೆ ಓಡಿಸಿ."